ಅಂಗಳದ ಆಟ, ಕೋಟಿ ಪ್ರೇಕ್ಷಕರು: ಕೊರಿಯಾ ತನ್ನ ಚರಿತ್ರೆಯನ್ನು ಮತ್ತೆ ಕೇಳಿಸಿಕೊಂಡ ಬಗೆ

2014ರ ಜುಲೈ ಕೊನೆಯಲ್ಲಿ ತೆರೆಕಂಡ 'ಮ್ಯೊಂಗ್ನ್ಯಾಂಗ್' ಚಿತ್ರಕ್ಕೆ ದಕ್ಷಿಣ ಕೊರಿಯಾದಲ್ಲಿ ಖರ್ಚಾದ ಟಿಕೆಟ್‌ಗಳು 1.76 ಕೋಟಿ. ಆ ದೇಶದ ಜನಸಂಖ್ಯೆ ಐದು ಕೋಟಿ ಚಿಲ್ಲರೆ. 1597ರಲ್ಲಿ ನೌಕಾಪತಿ ಯಿ ಸುನ್ ಸಿನ್ ಹದಿಮೂರು ಹಡಗುಗಳನ್ನಷ್ಟೇ ಇಟ್ಟುಕೊಂಡು, ಸೆಳವು ಜೋರಾಗಿದ್ದ ಕಿರಿದಾದ ಜಲಸಂಧಿಯೊಂದರಲ್ಲಿ ನೂರಕ್ಕೂ ಹೆಚ್ಚು ಜಪಾನಿ ಹಡಗುಗಳನ್ನು ತಡೆದ ಕಥೆ ಅದು. ನಿರ್ದೇಶಕ ಕಿಮ್ ಹಾನ್ ಮಿನ್, ಯಿ ಪಾತ್ರದಲ್ಲಿ ಚೊಯ್ ಮಿನ್ ಸಿಕ್. ಕೊರಿಯಾದಲ್ಲಿ ಈ ಯುದ್ಧದ ಹೆಸರು ಕೇಳದ ಮಗುವಿಲ್ಲ. ಪಠ್ಯಪುಸ್ತಕದಲ್ಲಿ ಅದಿದೆ, ನೂರು ವೊನ್ ನಾಣ್ಯದ ಮೇಲೆ ಯಿ ಸುನ್ ಸಿನ್‌ನ ಮುಖವೂ ಇದೆ. ಹೀಗೆ ಎಲ್ಲರಿಗೂ ಗೊತ್ತಿದ್ದ ಕಥೆಯನ್ನು ನೋಡಲು ದೇಶದ ಮೂರನೇ ಒಂದು ಪಾಲಿನಷ್ಟು ಜನ ಥಿಯೇಟರಿಗೆ ಏಕೆ ಹೋದರು?

ಚಿತ್ರ ಚೆನ್ನಾಗಿತ್ತು ಎಂದರೆ ಉತ್ತರ ಅರ್ಧವೇ ಆಯಿತು. ಕೊರಿಯಾದ ಚಿತ್ರಗಳನ್ನೂ ನಾಟಕಗಳನ್ನೂ ಅವುಗಳ ಹಿಂದಿನ ಚರಿತ್ರೆಯನ್ನೂ ಜೊತೆಗಿಟ್ಟು ನೋಡುತ್ತ ಹೋದಂತೆ ನನಗೆ ಖಚಿತವಾದ ಸಂಗತಿ ಒಂದಿದೆ. ಅಲ್ಲಿ ಚರಿತ್ರೆಯನ್ನು ಸಾಯದಂತೆ ಕಾಪಾಡಿದ್ದು ರಂಗಭೂಮಿ, ಬಹಳ ಸಲ ಅಪಾಯದ ನಡುವೆ. ಸಿನಿಮಾ ದಶಕಗಳಷ್ಟು ತಡವಾಗಿ ಬಂತು, ಕೋಟಿಗಟ್ಟಲೆ ಜನರನ್ನು ಕರೆತಂದಿತು. ಆದರೆ ಆ ಆಸಕ್ತಿ ಉಳಿದದ್ದು ಪ್ರೇಕ್ಷಕ ಥಿಯೇಟರಿನಿಂದ ಎದ್ದು ದಾಖಲೆಯ ಕಡೆಗೆ, ಸಾಕ್ಷಿಗಳ ಕಡೆಗೆ, ಘಟನೆ ನಡೆದ ಜಾಗದ ಕಡೆಗೆ ಹೊರಟಾಗ ಮಾತ್ರ. ಆ ದಾರಿ ತೆರೆಯದ ಚಿತ್ರ ಎಷ್ಟೇ ಹಣ ಮಾಡಲಿ, ಮುಂದಿನ ವಾರದ ಚಿತ್ರ ಬಂದೊಡನೆ ಮರೆತುಹೋಗುತ್ತದೆ.

ಆಸಕ್ತಿ ಬತ್ತಿದ್ದು ಹೇಗೆ ಎಂಬುದನ್ನೂ ಗಮನಿಸಬೇಕು. 1961ರಲ್ಲಿ ಸೇನಾದಂಗೆಯಿಂದ ಅಧಿಕಾರಕ್ಕೆ ಬಂದ ಪಾರ್ಕ್ ಚುಂಗ್ ಹೀ ಚರಿತ್ರೆಯನ್ನು ಕಡೆಗಣಿಸಿದವನಲ್ಲ. ಸೋಲ್ ನಗರದ ಗ್ವಾಂಗ್‌ಹ್ವಾಮುನ್ ರಸ್ತೆಯ ನಡುವೆ 1968ರಲ್ಲಿ ಯಿ ಸುನ್ ಸಿನ್‌ನ ಎತ್ತರದ ಪ್ರತಿಮೆ ನಿಂತದ್ದು ಅವನ ಕಾಲದಲ್ಲೇ. ಆಸಾನ್ ಊರಿನಲ್ಲಿದ್ದ ಯಿ ಸ್ಮಾರಕವನ್ನು ದೊಡ್ಡದಾಗಿ ಕಟ್ಟಿಸಿದವನೂ ಅವನೇ. ಆದರೆ ಆ ಚರಿತ್ರೆಯಲ್ಲಿ ಪ್ರಶ್ನೆಗೆ ಜಾಗವಿರಲಿಲ್ಲ. ಜಪಾನಿಗಳ ವಿರುದ್ಧ ಹೋರಾಡಿದವರಲ್ಲೂ ಎಡಪಂಥಕ್ಕೆ ವಾಲಿದವರ, ಉತ್ತರಕ್ಕೆ ಹೋದವರ ಹೆಸರೆತ್ತುವ ಹಾಗಿರಲಿಲ್ಲ. 1948ರಿಂದ ಜೇಜು ದ್ವೀಪದಲ್ಲಿ ಕೊಲೆಯಾದ ಇಪ್ಪತ್ತೈದು ಮೂವತ್ತು ಸಾವಿರ ಜನರ ಬಗ್ಗೆ ಬಾಯಿಬಿಟ್ಟರೆ ಜೈಲು. ಹ್ಯೊನ್ ಗಿ ಯಂಗ್ 1978ರಲ್ಲಿ ಆ ಕುರಿತು ಒಂದು ಕಥೆ ಬರೆದದ್ದಕ್ಕೆ ಅವರನ್ನು ಹಿಡಿದೊಯ್ದು ಚಿತ್ರಹಿಂಸೆ ಕೊಟ್ಟರು. ಮಾತಾಡಬಹುದಾದ ಚರಿತ್ರೆ ಪ್ರತಿಮೆಯಾಗಿ ನಿಂತಿತು. ಮನೆಮನೆಯಲ್ಲಿ ನೋವಾಗಿ ಉಳಿದಿದ್ದ ಚರಿತ್ರೆ ಗುಟ್ಟಾಯಿತು. ಇಂಥ ಕಡೆ ಹುಡುಗರಿಗೆ ಇತಿಹಾಸದ ಪುಸ್ತಕ ಬೇಸರ ತಂದರೆ ಆಶ್ಚರ್ಯವೇನಿಲ್ಲ.

ರಂಗಭೂಮಿ ಮಾಡಿದ್ದೇನು ಎಂಬುದಕ್ಕೆ ನನಗೆ ಬಲು ಪ್ರಿಯವಾದ ಉದಾಹರಣೆ ಕೊರಿಯಾದ ನೆಲದ್ದಲ್ಲ, ಸಾವಿರಾರು ಮೈಲಿ ಆಚೆಯ ಕಜಕಸ್ತಾನದ್ದು. ಹಾಂಗ್ ಬೊಮ್ ದೊ ಮೊದಲು ಬೇಟೆಗಾರ. ಜಪಾನಿ ಆಡಳಿತದ ವಿರುದ್ಧ ಬಂದೂಕು ಹಿಡಿದು, 1920ರ ಜೂನ್‌ನಲ್ಲಿ ಮಂಚೂರಿಯಾದ ಬೊಂಗೊದೊಂಗ್ ಕಣಿವೆಯಲ್ಲಿ ಜಪಾನಿ ಪಡೆಯನ್ನು ಸೋಲಿಸಿದ ದಂಡನಾಯಕ. ಆಮೇಲೆ ಸೋವಿಯತ್ ನೆಲದಲ್ಲಿ ನೆಲೆಸಿದ. 1937ರಲ್ಲಿ ಸ್ಟಾಲಿನ್ ಸರ್ಕಾರ ಪೂರ್ವ ಗಡಿಯಲ್ಲಿದ್ದ ಕೊರಿಯನ್ನರನ್ನೆಲ್ಲ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಸಾಗಿಸಿತು. ಎಪ್ಪತ್ತರ ಹತ್ತಿರದ ಹಾಂಗ್ ಕೂಡ ಕಿಜಿಲೋರ್ದಾ ಊರಿಗೆ ಬಂದು ಬಿದ್ದ. 1932ರಲ್ಲಿ ವ್ಲಾದಿವೊಸ್ತೊಕ್‌ನಲ್ಲಿ ಹುಟ್ಟಿದ್ದ ಕೊರಿಯನ್ ನಾಟಕ ತಂಡವೂ ಅದೇ ಗಡೀಪಾರಿನಲ್ಲಿ ಅಲ್ಲಿಗೆ ಬಂದಿತ್ತು. ಮುದುಕ ದಂಡನಾಯಕನಿಗೆ ಆ ರಂಗಮಂದಿರದಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು.

ತಂಡದ ನಾಟಕಕಾರ ತೇ ಜಾಂಗ್ ಚುನ್ ಆ ಕಾವಲುಗಾರನ ಬದುಕನ್ನು ಅವನ ಬಾಯಿಂದಲೇ ಕೇಳಿ ನಾಟಕ ಬರೆದ. 1942ರಲ್ಲಿ ಅದು ರಂಗಕ್ಕೆ ಬಂತು. ತನ್ನ ಪಾತ್ರವನ್ನು ಬೇರೊಬ್ಬ ಆಡುವುದನ್ನು ಹಾಂಗ್ ಕಣ್ಣಾರೆ ಕಂಡ ಎಂದು ಆ ಸಮುದಾಯದವರು ಇಂದಿಗೂ ಹೇಳುತ್ತಾರೆ. ಮರುವರ್ಷ, 1943ರ ಅಕ್ಟೋಬರ್‌ನಲ್ಲಿ ಅವನು ತೀರಿಕೊಂಡ. ಅವನ ಆತ್ಮಕಥನದ ಟಿಪ್ಪಣಿಗಳನ್ನು ಮುಂದೆ ಕೈಬರಹದಲ್ಲಿ ನಕಲು ಮಾಡಿ ಉಳಿಸಿದವಳು ಅದೇ ತಂಡದ ನಟಿ ಲೀ ಹಾಮ್ ದೊಕ್. ಇಂದು ಇತಿಹಾಸಕಾರರು ಹಾಂಗ್ ಕುರಿತು ಬರೆಯಲು ಕೂತಾಗ ಕೈಗೆತ್ತಿಕೊಳ್ಳುವ ಮುಖ್ಯ ಆಕರಗಳಲ್ಲಿ ಅದೂ ಒಂದು. ತಾಯ್ನಾಡಿನಲ್ಲಿ ಹೆಸರೇ ಅಳಿಸಿಹೋಗುತ್ತಿದ್ದ ಮನುಷ್ಯನನ್ನು ಒಂದು ಬಡ ನಾಟಕ ತಂಡ ಬದುಕಿಸಿಕೊಂಡಿತು.

ಸಿನಿಮಾ ಬಂದದ್ದು 2019ರಲ್ಲಿ. ಬೊಂಗೊದೊಂಗ್ ಯುದ್ಧದ ಚಿತ್ರವನ್ನು ನಲವತ್ತೇಳು ಲಕ್ಷಕ್ಕೂ ಹೆಚ್ಚು ಜನ ನೋಡಿದರು. 2021ರ ಆಗಸ್ಟ್ 15ರಂದು ಹಾಂಗ್‌ನ ಅಸ್ಥಿ ವಿಮಾನದಲ್ಲಿ ಕೊರಿಯಾಕ್ಕೆ ಮರಳಿತು, ದೇಜೊನ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣಾಯಿತು. ಅಲ್ಲಿಗೂ ಕಥೆ ಮುಗಿಯಲಿಲ್ಲ. 2023ರಲ್ಲಿ, ಅವನು ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿದ್ದ ಎಂಬ ಕಾರಣ ಮುಂದೊಡ್ಡಿ ಸೇನಾ ಅಕಾಡೆಮಿ ಅವನ ಎದೆಮಟ್ಟದ ಪ್ರತಿಮೆಯನ್ನು ಸ್ಥಳಾಂತರಿಸಲು ಹೊರಟಾಗ ದೇಶದಲ್ಲಿ ದೊಡ್ಡ ಗದ್ದಲವಾಯಿತು. ನನಗದು ಒಳ್ಳೆಯ ಸೂಚನೆಯಾಗಿಯೇ ಕಂಡಿತು. ಐವತ್ತು ವರ್ಷ ಹಿಂದಾಗಿದ್ದರೆ ಆ ಪ್ರತಿಮೆಗಾಗಿ ಜಗಳಕ್ಕೆ ನಿಲ್ಲಲು ಎಷ್ಟು ಜನ ಸಿಗುತ್ತಿದ್ದರು?

ಕೊರಿಯಾದ ಒಳಗೆ ಈ ಕೆಲಸ ಮಾಡಿದ್ದು ಮದಾಂಗ್‌ಗುಕ್, ಅಂದರೆ ಅಂಗಳದಲ್ಲಿ ಆಡುವ ನಾಟಕ. 1970ರ ದಶಕದಲ್ಲಿ ವಿಶ್ವವಿದ್ಯಾಲಯಗಳ ಹುಡುಗ ಹುಡುಗಿಯರು ಹಳ್ಳಿಯ ಮುಖವಾಡದ ಕುಣಿತವನ್ನು, ಡೋಲನ್ನು ಮತ್ತೆ ಕಲಿಯತೊಡಗಿದರು. ವೇದಿಕೆ ಬೇಡ, ಪರದೆ ಬೇಡ, ಸುತ್ತ ಜನ ಕೂತರೆ ಸಾಕು. ನಮ್ಮ ಬಯಲಾಟ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪೊಲೀಸರು ಬಂದರೆ ತಂಡ ಗುಂಪಿನಲ್ಲಿ ಕರಗಿಹೋಗುವುದು ಸುಲಭ. ರೈತನ ಸಾಲ, ಕಾರ್ಖಾನೆಯ ಹುಡುಗಿಯ ಕೂಲಿ, 1894ರ ದೊಂಗ್‌ಹಾಕ್ ರೈತ ಬಂಡಾಯ ಎಲ್ಲವೂ ಆ ಅಂಗಳಕ್ಕೆ ಬಂದವು.

ಗ್ವಾಂಗ್‌ಜು ನಗರದಲ್ಲಿ ಇದು ಪ್ರಾಣದ ಮಾತಾಯಿತು. 1980ರ ಮೇ ತಿಂಗಳಲ್ಲಿ ಪಾರ್ಕ್ ಹ್ಯೊ ಸನ್ ಮತ್ತು 'ಗ್ವಾಂಗ್‌ದೆ' ಎಂಬ ತಂಡದ ಗೆಳೆಯರು ಹ್ವಾಂಗ್ ಸೊಕ್ ಯಾಂಗ್ ಅವರ ಕಥೆಯೊಂದನ್ನು ಆಧರಿಸಿದ ನಾಟಕದ ತಾಲೀಮಿನಲ್ಲಿದ್ದರು. ಸೇನಾಡಳಿತದ ವಿರುದ್ಧದ ಪ್ರತಿಭಟನೆಯನ್ನು ಹತ್ತಿಕ್ಕಲು 18ರಂದು ಪ್ಯಾರಾಟ್ರೂಪರ್‌ಗಳು ಬೀದಿಗಿಳಿದು ಸಿಕ್ಕಸಿಕ್ಕವರನ್ನು ಬಡಿದರು. ನಾಗರಿಕರು ತಿರುಗಿಬಿದ್ದು ಸೇನೆಯನ್ನು ನಗರದಿಂದ ಹೊರದಬ್ಬಿದ ಮೇಲೆ, ಪ್ರಾಂತ್ಯ ಕಚೇರಿಯ ಮುಂದಿನ ಚೌಕದಲ್ಲಿ ನಡೆದ ಸಭೆಗಳನ್ನು ಸಂಘಟಿಸಿದವರಲ್ಲಿ ಈ ನಾಟಕದ ಹುಡುಗರು ಮುಂದಿದ್ದರು. ಜನ ಸೇರಿಸುವುದು, ಕೊನೆಯ ಸಾಲಿಗೂ ಕೇಳುವಂತೆ ಮಾತಾಡುವುದು ಅವರಿಗೆ ಗೊತ್ತಿದ್ದ ವಿದ್ಯೆ. 27ರ ನಸುಕಿನಲ್ಲಿ ಸೇನೆ ಟ್ಯಾಂಕುಗಳೊಂದಿಗೆ ಮರಳಿತು. ಕಚೇರಿಯೊಳಗೆ ಕೊನೆಯವರೆಗೂ ಉಳಿದ, ನಾಗರಿಕರ ವಕ್ತಾರ ಯುನ್ ಸಾಂಗ್ ವೊನ್ ಕೊಲ್ಲಲ್ಪಟ್ಟ. ಪಾರ್ಕ್ ತಲೆಮರೆಸಿಕೊಂಡ.

1982ರಲ್ಲಿ ಯುನ್‌ನ ಮನೆಯವರು, ಅದಕ್ಕೂ ಮೊದಲೇ ತೀರಿಕೊಂಡಿದ್ದ ಕಾರ್ಮಿಕ ಶಾಲೆಯ ಶಿಕ್ಷಕಿ ಪಾರ್ಕ್ ಗಿ ಸುನ್ ಜೊತೆ ಅವನ ಆತ್ಮಕ್ಕೆ ಮದುವೆ ಮಾಡಿಸಿದರು. ಸತ್ತ ಅವಿವಾಹಿತರಿಗೆ ಹೀಗೆ ಮದುವೆ ಮಾಡುವ ಪದ್ಧತಿ ಅಲ್ಲಿದೆ. ಗೆಳೆಯರು ಅದನ್ನು ವಸ್ತುವಾಗಿಟ್ಟುಕೊಂಡು ಒಂದು ಹಾಡುನಾಟಕ ಕಟ್ಟಿದರು. ಬೇಕ್ ಕಿ ವಾನ್ ಅವರ ಕವಿತೆಯಿಂದ ಸಾಲುಗಳನ್ನು ತೆಗೆದು ಹ್ವಾಂಗ್ ಸೊಕ್ ಯಾಂಗ್ ಹಾಡಿಗೆ ಹೊಂದಿಸಿದರು, ವಿದ್ಯಾರ್ಥಿ ಕಿಮ್ ಜೊಂಗ್ ರ್ಯುಲ್ ರಾಗ ಹಾಕಿದ. ಹ್ವಾಂಗ್ ಅವರ ಮನೆಯ ಕಿಟಕಿಗಳಿಗೆ ಕಂಬಳಿ ಹೊದಿಸಿ, ದನಿ ಹೊರಗೆ ಹೋಗದಂತೆ ನೋಡಿಕೊಂಡು, ಸಾಧಾರಣ ಕ್ಯಾಸೆಟ್ ರೆಕಾರ್ಡರ್‌ನಲ್ಲಿ ಧ್ವನಿಮುದ್ರಣ ಮಾಡಿಕೊಂಡರು. ಆ ನಾಟಕದ ಕೊನೆಯ ಹಾಡೇ 'ಪ್ರಿಯನಿಗಾಗಿ ನಡಿಗೆ'. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ದಾಟಿ ಅದು ದೇಶದ ಪ್ರತಿ ಮುಷ್ಕರದ, ಪ್ರತಿ ಮೆರವಣಿಗೆಯ ಹಾಡಾಯಿತು. ಮುಂದೆ ಹಾಂಗ್‌ಕಾಂಗ್‌ವರೆಗೂ ಹೋಯಿತು. ನಾಟಕವನ್ನು ಕಂಡವರು ಕೆಲವೇ ಜನ, ಹಾಡನ್ನು ಅರಿಯದವರೇ ಇಲ್ಲ. ಗ್ವಾಂಗ್‌ಜುವಿನ ಹೆಸರನ್ನು ಪತ್ರಿಕೆಗಳು ಧೈರ್ಯವಾಗಿ ಬರೆಯಲಾಗದಿದ್ದ ವರ್ಷಗಳಲ್ಲಿ ಆ ಚರಿತ್ರೆ ಹೀಗೆ ಬಾಯಿಂದ ಬಾಯಿಗೆ ಸಾಗಿತು. 1988ರಲ್ಲಿ ಪಾರ್ಕ್ ಹ್ಯೊ ಸನ್ ತಮ್ಮ 'ತೊಬಾಗಿ' ತಂಡದಿಂದ 'ಗುಮ್‌ಹಿಯ ಮೇ' ನಾಟಕ ಆಡಿಸಿದರು. ಸತ್ತ ವಿದ್ಯಾರ್ಥಿಯೊಬ್ಬನ ಮನೆಯೊಳಗಿಂದ ಆ ಹತ್ತು ದಿನಗಳನ್ನು ನೋಡುವ ನಾಟಕ ಅದು.

ಸಿನಿಮಾಕ್ಕೆ ಇಷ್ಟು ಸಲೀಸಾಗಿ ಅಂಗಳಕ್ಕಿಳಿಯಲು ಆಗುವುದಿಲ್ಲ. ಅದಕ್ಕೆ ಕ್ಯಾಮೆರಾ, ಲ್ಯಾಬ್, ಪ್ರದರ್ಶನಕ್ಕೆ ಪರವಾನಗಿ ಎಲ್ಲವೂ ಬೇಕು. 'ಜಾಂಗ್‌ಸಾನ್‌ಗೊಮ್ಮೆ' ಎಂಬ ಯುವಕರ ತಂಡ 1989ರಲ್ಲಿ ಗ್ವಾಂಗ್‌ಜು ಕುರಿತು 'ಓ! ಕನಸಿನ ನಾಡೇ' ಚಿತ್ರವನ್ನು ಸೆನ್ಸಾರಿಗೆ ಕೊಡದೆಯೇ ತೋರಿಸಿತು, ಮೊಕದ್ದಮೆ ಬಿತ್ತು. ಆ ತಂಡದ ಚಿತ್ರಗಳ ಮೇಲಿನ ಮೊಕದ್ದಮೆಗಳೇ ಸಂವಿಧಾನ ನ್ಯಾಯಾಲಯದವರೆಗೆ ಹೋಗಿ, ಚಿತ್ರಗಳ ಪೂರ್ವಭಾವಿ ಸೆನ್ಸಾರ್ ಸಂವಿಧಾನಬಾಹಿರ ಎಂಬ 1996ರ ಅಕ್ಟೋಬರ್ ತೀರ್ಪಿಗೆ ಕಾರಣವಾದವು. ಕೊರಿಯಾದ ಇತಿಹಾಸ ಚಿತ್ರಗಳ ಅಲೆಯನ್ನು ವಿವರಿಸುವಾಗ ಹಣ, ತಂತ್ರಜ್ಞಾನ, ತಾರೆಯರು ಎಂದೆಲ್ಲ ಹೇಳುತ್ತಾರೆ. ಇದೆಲ್ಲದರ ಬುಡದಲ್ಲಿರುವುದು ಆ ತೀರ್ಪು. ಸರ್ಕಾರ ಒಪ್ಪಿದ ಚರಿತ್ರೆಯನ್ನು ನೋಡಲು ಜನ ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲುವುದಿಲ್ಲ.

ತೀರ್ಪಿನ ನಂತರದ ಚಿತ್ರಗಳ ಪಟ್ಟಿ ಉದ್ದವಾಗಿದೆ, ಎಲ್ಲವನ್ನೂ ಇಲ್ಲಿ ಹೇಳಲಾರೆ. ಕೋಟಿ ಪ್ರೇಕ್ಷಕರನ್ನು ದಾಟಿದ ಮೊದಲ ಕೊರಿಯನ್ ಚಿತ್ರವೇ ಚರಿತ್ರೆಯದು, 2003ರ ಕೊನೆಯಲ್ಲಿ ಬಂದ 'ಸಿಲ್ಮಿದೊ'. ಉತ್ತರ ಕೊರಿಯಾದ ನಾಯಕನನ್ನು ಕೊಲ್ಲಲು 1968ರಲ್ಲಿ ಒಂದು ನಿರ್ಜನ ದ್ವೀಪದಲ್ಲಿ 31 ಯುವಕರಿಗೆ ಗುಟ್ಟಾಗಿ ತರಬೇತಿ ಕೊಟ್ಟು, ಯೋಜನೆ ಕೈಬಿಟ್ಟ ಮೇಲೂ ಅವರನ್ನು ಹೊರಗೆ ಬಿಡದೆ, 1971ರಲ್ಲಿ ಅವರು ದಂಗೆಯೆದ್ದು ಸೋಲ್‌ವರೆಗೆ ಬಂದು ಸತ್ತ ಕಥೆ. ಚಿತ್ರ ಅವರನ್ನು ಮರಣದಂಡನೆಯ ಕೈದಿಗಳಂತೆ ತೋರಿಸಿತು. ಆಗ ಎದ್ದು ಬಂದವರು ಕುಟುಂಬದವರು. ನಮ್ಮ ಹುಡುಗರು ಅಪರಾಧಿಗಳಲ್ಲ, ಕೆಲಸದ ಆಸೆ ತೋರಿಸಿ ಕರೆದೊಯ್ದ ಬಡವರು ಎಂದರು. ಓಕ್‌ಚೊನ್ ಎಂಬ ಒಂದೇ ಊರಿಂದ ಏಳು ಯುವಕರು ಕಾಣೆಯಾಗಿದ್ದರು, ಮೂರು ದಶಕ ಮನೆಯವರಿಗೆ ಸುದ್ದಿಯೇ ಇರಲಿಲ್ಲ. ರಕ್ಷಣಾ ಸಚಿವಾಲಯದ ಸಮಿತಿ ತನಿಖೆ ಮಾಡಬೇಕಾಯಿತು, ಕುಟುಂಬದವರ ಮಾತೇ ಬಹುಪಾಲು ನಿಜವೆಂದು ಕಂಡಿತು. ಚಿತ್ರ ತಪ್ಪಾಗಿತ್ತು. ಆದರೆ ಅದು ಬರದಿದ್ದರೆ ಸರಿಯಾದದ್ದೂ ಹೊರಗೆ ಬರುತ್ತಿರಲಿಲ್ಲ.

ಇದೇ ಮಾತು ಇನ್ನೂ ಚೆನ್ನಾಗಿ ಒಪ್ಪುವುದು 2017ರ 'ಎ ಟ್ಯಾಕ್ಸಿ ಡ್ರೈವರ್' ಚಿತ್ರಕ್ಕೆ. ಜರ್ಮನ್ ಟಿವಿಯ ಯುರ್ಗೆನ್ ಹಿಂಟ್ಸ್‌ಪೇಟರ್ 1980ರ ಮೇ ತಿಂಗಳಲ್ಲಿ ಟೋಕಿಯೊದಿಂದ ಬಂದು, ಸೋಲ್‌ನ ಒಬ್ಬ ಚಾಲಕನ ಕಾರಿನಲ್ಲಿ ದಿಗ್ಬಂಧನದ ನಡುವೆ ಗ್ವಾಂಗ್‌ಜು ಹೊಕ್ಕು ಚಿತ್ರೀಕರಿಸಿದ. ರೀಲುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಅಡಗಿಸಿ ದೇಶದಿಂದ ಹೊರಗೆ ಸಾಗಿಸಿದ. ಜಗತ್ತು ಆ ಕೊಲೆಗಳನ್ನು ಕಂಡದ್ದು ಆ ರೀಲುಗಳಿಂದ. ಚಾಲಕನ ಹೆಸರು ಕಿಮ್ ಸಾ ಬೊಕ್ ಎಂಬುದಷ್ಟೇ ಅವನಿಗೆ ನೆನಪಿತ್ತು. ವರ್ಷಗಟ್ಟಲೆ ಹುಡುಕಿಸಿದರೂ ಸಿಗಲಿಲ್ಲ, 2016ರ ಜನವರಿಯಲ್ಲಿ ಹಿಂಟ್ಸ್‌ಪೇಟರ್ ತೀರಿಕೊಂಡ. ಚಿತ್ರದಲ್ಲಿ ಸಾಂಗ್ ಕಾಂಗ್ ಹೊ ಆಡಿದ ಚಾಲಕ ಬಾಡಿಗೆ ಕಟ್ಟಲು ಪರದಾಡುವ ವಿಧುರ, ದುಡ್ಡಿನಾಸೆಗೆ ಹೊರಟವನು, ಏನಾಗುತ್ತಿದೆ ಎಂಬ ಅರಿವಿಲ್ಲದವನು. ಒಂದು ಕೋಟಿ ಇಪ್ಪತ್ತು ಲಕ್ಷ ಮೀರಿ ಜನ ಅವನನ್ನು ಕಂಡರು. ಆಗ ನಿಜವಾದ ಕಿಮ್ ಸಾ ಬೊಕ್‌ನ ಮಗ ಮುಂದೆ ಬಂದು, ಅಪ್ಪ ಮತ್ತು ಹಿಂಟ್ಸ್‌ಪೇಟರ್ ಒಟ್ಟಿಗೆ ಕೂತಿರುವ ಹಳೆಯ ಫೋಟೊ ತೋರಿಸಿದ. ಕಿಮ್ ಹೋಟೆಲಿನ ಕಾರು ಓಡಿಸುತ್ತಿದ್ದ, ಇಂಗ್ಲಿಷ್ ಬಲ್ಲ, ವಿದೇಶಿ ಪತ್ರಕರ್ತರ ಪರಿಚಯವಿದ್ದ ಮನುಷ್ಯ. ತಾನು ಎಲ್ಲಿಗೆ ಹೋಗುತ್ತಿದ್ದೇನೆ ಎಂದು ತಿಳಿದೇ ಹೋದವನು. 1984ರಲ್ಲೇ ಸತ್ತಿದ್ದ. ಹಿಂಟ್ಸ್‌ಪೇಟರ್‌ನ ಉಗುರು, ಕೂದಲು ಹೂತಿದ್ದ ಗ್ವಾಂಗ್‌ಜುವಿನ ಮಂಗ್ವೊಲ್‌ದೊಂಗ್ ಸ್ಮಶಾನಕ್ಕೆ 2019ರಲ್ಲಿ ಕಿಮ್‌ನ ಅವಶೇಷವನ್ನೂ ತಂದರು.

ಕಾದಂಬರಿಯಂತೆ ಕಟ್ಟಿದ ಅಮಾಯಕ ಚಾಲಕನಿಗಿಂತ ತಿಳಿದೂ ಹೋದ ಆ ನಿಜ ಚಾಲಕ ದೊಡ್ಡವನು ಎಂದು ನನಗನ್ನಿಸುತ್ತದೆ. ಸಾಮಾನ್ಯ ಪ್ರೇಕ್ಷಕನಿಗೆ ಒಂದು ಪ್ರವೇಶ ಬೇಕು ಎಂಬ ಚಿತ್ರಕಾರರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಆದರೂ ಅವರು ಬಿಟ್ಟ ಜಾಗವನ್ನು ಜನರೇ ತುಂಬಿದರು ಎಂಬುದು ಹೆಚ್ಚಿನ ಸಂಗತಿ.

ಇನ್ನು ಕೆಲವು ಫಲಗಳನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. 2015ರ 'ಅಸಾಸಿನೇಶನ್' ಬಂದಮೇಲೆ, ಉತ್ತರಕ್ಕೆ ಹೋದ ಕಾರಣಕ್ಕೆ ದಕ್ಷಿಣದ ಚರಿತ್ರೆಯಿಂದ ಬಿಟ್ಟುಹೋಗಿದ್ದ ಕ್ರಾಂತಿಕಾರಿ ಕಿಮ್ ವೊನ್ ಬೊಂಗ್ ಕುರಿತು ಸಾಮಾನ್ಯ ಜನ ಕೇಳತೊಡಗಿದರು. ಲೀ ಜುನ್ ಇಕ್ ಅವರ 2017ರ ಚಿತ್ರ ಪಾರ್ಕ್ ಯೊಲ್ ಎಂಬ ಅರಾಜಕತಾವಾದಿಯನ್ನೂ, ಅವನ ಜೊತೆಗೆ ನಿಂತು 1926ರಲ್ಲಿ ಸೆರೆಮನೆಯಲ್ಲಿ ಸತ್ತ ಜಪಾನಿ ಹೆಣ್ಣುಮಗಳು ಕಾನೆಕೊ ಫುಮಿಕೊಳನ್ನೂ ಮತ್ತೆ ನೆನಪಿಗೆ ತಂದಿತು. ಮರುವರ್ಷವೇ ಕೊರಿಯಾ ಸರ್ಕಾರ ಅವಳಿಗೆ ಮರಣೋತ್ತರ ಗೌರವ ಕೊಟ್ಟಿತು. ಅದೇ ನಿರ್ದೇಶಕರು 2016ರಲ್ಲಿ ಕವಿ ಯುನ್ ದೊಂಗ್ ಜು ಕುರಿತು ಕಡಿಮೆ ಖರ್ಚಿನಲ್ಲಿ ಕಪ್ಪು ಬಿಳುಪಿನ ಚಿತ್ರ ಮಾಡಿದಾಗ, 1945ರಲ್ಲಿ ಜಪಾನಿನ ಜೈಲಿನಲ್ಲಿ ಸತ್ತ ಆ ಕವಿಯ ಸಂಕಲನದ ಹಳೆಯ ಮುದ್ರಣದ ಯಥಾಪ್ರತಿ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿತ್ತು. ಚಿತ್ರದಿಂದ ಕವಿತೆಯ ಪುಸ್ತಕಕ್ಕೆ ಜನ ಹೋಗುವುದಕ್ಕಿಂತ ಹೆಚ್ಚಿನದನ್ನು ಒಬ್ಬ ನಿರ್ದೇಶಕ ಬಯಸಲಾರ.

2023ರ ನವೆಂಬರ್‌ನಲ್ಲಿ ಬಂದ 'ಸೋಲ್‌ನ ವಸಂತ' 1979ರ ಡಿಸೆಂಬರ್ 12ರ ರಾತ್ರಿ ಚುನ್ ಡೂ ಹ್ವಾನ್ ನಡೆಸಿದ ಸೇನಾದಂಗೆಯ ಕಥೆ. ಅಂತ್ಯ ಎಲ್ಲರಿಗೂ ಗೊತ್ತು, ಆದರೂ 1.3 ಕೋಟಿ ಜನ ನೋಡಿದರು. ಆ ರಾತ್ರಿಯ ಹೊತ್ತಿಗೆ ಹುಟ್ಟದೇ ಇದ್ದವರು ಚಿತ್ರ ನೋಡುವಾಗ ತಮ್ಮ ಕೈಗಡಿಯಾರ ತೋರಿಸಿದ ಎದೆಬಡಿತದ ಅಂಕಿಗಳನ್ನು ಫೋನಿನಲ್ಲಿ ಹಂಚಿಕೊಂಡರು. ಕೆಲವರಿಗೆ ಇದು ಹುಡುಗಾಟ ಎನಿಸಿತು. ನನಗೆ ಹಾಗೆ ಕಾಣಲಿಲ್ಲ. ಅನ್ಯಾಯದವರು ಗೆಲ್ಲುವುದನ್ನು ಸಹಿಸಲಾಗದ ಸಿಟ್ಟಿಗೆ ಆ ಮಕ್ಕಳು ಕಂಡುಕೊಂಡ ಭಾಷೆ ಅದು. ಆ ರಾತ್ರಿ ರಕ್ಷಣಾ ಸಚಿವಾಲಯದ ಕಾವಲಿನಲ್ಲಿ ಆಯುಧ ಬಿಟ್ಟುಕೊಡಲು ಒಪ್ಪದೆ ಸತ್ತ ಸೈನಿಕ ಜೊಂಗ್ ಸನ್ ಯೊಪ್‌ನ ಹೆಸರು ಎಲ್ಲರ ಬಾಯಿಗೆ ಬಂತು. ಅವನು ಓದು ಮುಗಿಸದೆ ಸೇನೆಗೆ ಹೋಗಿದ್ದ ಚೊಸನ್ ವಿಶ್ವವಿದ್ಯಾಲಯ 2024ರ ಫೆಬ್ರವರಿಯಲ್ಲಿ ಅವನಿಗೆ ಗೌರವ ಪದವಿ ನೀಡಿತು. ಮಕ್ಕಳನ್ನು ಚಿತ್ರಕ್ಕೆ ಕರೆದೊಯ್ಯಲು ಹೊರಟ ಕೆಲವು ಶಾಲೆಗಳ ಮುಂದೆ ಬಲಪಂಥದ ಗುಂಪುಗಳು ಪ್ರತಿಭಟಿಸಿದ್ದೂ ಉಂಟು. ಒಂದೇ ವರ್ಷದಲ್ಲಿ, 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದಾಗ ಸಾವಿರಾರು ನಾಗರಿಕರು ಸಂಸತ್ತಿನ ಮುಂದೆ ಜಮಾಯಿಸಿದರು, ಸಂಸತ್ತು ಕೆಲವೇ ಗಂಟೆಗಳಲ್ಲಿ ಅದನ್ನು ತಿರಸ್ಕರಿಸಿತು. ಒಂದು ಚಿತ್ರದಿಂದ ಇದಾಯಿತು ಎಂದರೆ ಅತಿಶಯವಾಗುತ್ತದೆ. ಸೇನಾಡಳಿತ ಎಂದರೇನು ಎಂಬುದು ಅವರಿಗೆ ಬರೀ ಪರೀಕ್ಷೆಯ ಉತ್ತರವಾಗಿರಲಿಲ್ಲ ಎಂದು ಮಾತ್ರ ಧಾರಾಳವಾಗಿ ಹೇಳಬಹುದು.

ಹಳೆಯ ಕಾಲದ ಚರಿತ್ರೆಗೆ ಬಂದರೆ, ಅಲ್ಲೂ ಮೊದಲ ಹೆಜ್ಜೆ ರಂಗದ್ದೇ. 2005ರ ಕೊನೆಯಲ್ಲಿ ಬಂದು 1.2 ಕೋಟಿ ಜನ ನೋಡಿದ 'ರಾಜ ಮತ್ತು ವಿದೂಷಕ' ಚಿತ್ರಕ್ಕೆ ಮೂಲ ಕಿಮ್ ತೇ ಉಂಗ್ ಅವರ 2000ದ ನಾಟಕ. ಆ ನಾಟಕಕ್ಕೆ ಮೂಲ ಕ್ರೂರಿ ಅರಸ ಯೊನ್ಸಾನ್‌ನ ಕಾಲದ ದಿನಚರಿಯಲ್ಲಿರುವ ಒಂದು ಪುಟ್ಟ ಉಲ್ಲೇಖ. ಗೊಂಗ್‌ಗಿಲ್ ಎಂಬ ವಿದೂಷಕ ಅರಸನ ಎದುರು ಕನ್‌ಫ್ಯೂಶಿಯಸ್‌ನ ಮಾತೆತ್ತಿಕೊಂಡು, ಅರಸ ಅರಸನಂತಿಲ್ಲದಿದ್ದರೆ ಏನಾದೀತು ಎಂಬರ್ಥದಲ್ಲಿ ಆಡಿ, ಏಟು ತಿಂದು ಗಡೀಪಾರಾದ. ದಾಖಲೆಯಲ್ಲಿ ಇರುವುದಿಷ್ಟೇ. ಇಂಥ ಸಾವಿರಾರು ಎಳೆಗಳನ್ನು ಜೊಸೊನ್ ರಾಜವಂಶದ ಆಸ್ಥಾನ ಬರಹಗಾರರು 472 ವರ್ಷಗಳ ಕಾಲದ 1,893 ಸಂಪುಟಗಳಲ್ಲಿ ಬರೆದಿಟ್ಟರು. ಇಂದು ಆ ಇಡೀ ದಾಖಲೆ ಆಧುನಿಕ ಕೊರಿಯನ್ ಅನುವಾದದೊಂದಿಗೆ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನಾಟಕಕಾರ ಅಲ್ಲಿಂದ ಕಥೆ ಹೆಕ್ಕುತ್ತಾನೆ. ಪ್ರೇಕ್ಷಕ ಮನೆಗೆ ಬಂದು ಅದೇ ಪುಟ ತೆರೆದು, ಎಷ್ಟು ನಿಜ ಎಷ್ಟು ಕಲ್ಪನೆ ಎಂದು ತಾನೇ ನೋಡುತ್ತಾನೆ. ಈ ಅನುಕೂಲವಿಲ್ಲದ ದೇಶ ಕೊರಿಯಾದ ಚಿತ್ರಗಳನ್ನಷ್ಟೇ ನಕಲು ಮಾಡಿದರೆ ಅದೇ ಫಲ ಸಿಗದು.

ಪ್ರೇಕ್ಷಕ ಪುಟ ತೆರೆಯುತ್ತಾನೆ ಎಂಬುದನ್ನು ಮರೆತವರು ಪೆಟ್ಟು ತಿಂದಿದ್ದಾರೆ. 2019ರಲ್ಲಿ ಒಂದು ಚಿತ್ರ, ಹಾಂಗುಲ್ ಲಿಪಿಯನ್ನು ರೂಪಿಸಿದ ಮುಖ್ಯ ಕೈ ಅರಸ ಸೆಜೊಂಗ್‌ನದಲ್ಲ, ಸಿನ್‌ಮಿ ಎಂಬ ಬೌದ್ಧ ಭಿಕ್ಷುವಿನದು ಎಂಬಂತೆ ತೋರಿಸಿತು. ಅರಸನೇ 28 ಅಕ್ಷರಗಳನ್ನು ಮಾಡಿದನೆಂದು 1443ರ ದಾಖಲೆಯಲ್ಲಿ ಸ್ಪಷ್ಟವಾಗಿದೆ. ದೊಡ್ಡ ನಟರಿದ್ದರೂ ಚಿತ್ರ ಹತ್ತು ಲಕ್ಷ ಪ್ರೇಕ್ಷಕರನ್ನು ಮುಟ್ಟಲಿಲ್ಲ. 2017ರ 'ಬ್ಯಾಟಲ್‌ಶಿಪ್ ಐಲ್ಯಾಂಡ್' ಹಾಶಿಮಾ ದ್ವೀಪದ ಕಲ್ಲಿದ್ದಲ ಗಣಿಗೆ ಎಳೆದೊಯ್ದ ಕೊರಿಯನ್ನರ ಕುರಿತದ್ದು. ವಸ್ತು ಅಷ್ಟು ಗಂಭೀರ, ಆದರೆ ಕೊನೆಗೆ ಎಂದೂ ನಡೆಯದ ಭಾರಿ ಪಲಾಯನ ಯುದ್ಧವನ್ನು ಹೆಣೆದರು. ಮೊದಲ ದಿನವೇ ಎರಡು ಸಾವಿರಕ್ಕೂ ಮಿಕ್ಕಿ ತೆರೆಗಳನ್ನು ಹಿಡಿದದ್ದಕ್ಕೂ ಜನ ಸಿಟ್ಟಾದರು. ಗಣಿಯೊಳಗೆ ಮಲಗಿ ಕಲ್ಲಿದ್ದಲು ಕೆತ್ತಿದ ಹುಡುಗರ ನಿಜ ಬದುಕೇ ಸಾಕಿತ್ತು, ಬಾಂಬುಗಳ ಅಗತ್ಯವಿರಲಿಲ್ಲ. 'ಮ್ಯೊಂಗ್ನ್ಯಾಂಗ್' ಕೂಡ ಈ ದೋಷದಿಂದ ಹೊರತಲ್ಲ. ಬೇ ಸೊಲ್ ಎಂಬ ಅಧಿಕಾರಿ ಯುದ್ಧಕ್ಕೆ ಮುಂಚೆಯೇ ಓಡಿಹೋದದ್ದು ನಿಜ. ಚಿತ್ರದಲ್ಲಿ ಅವನು ಯಿಯ ಆಮೆಯಾಕಾರದ ಯುದ್ಧನೌಕೆಗೆ ಬೆಂಕಿಯಿಟ್ಟು, ಯಿ ಕೊಲೆಗೆ ಯತ್ನಿಸಿ, ಬಾಣ ತಗುಲಿ ಸಾಯುತ್ತಾನೆ. ಇದೊಂದೂ ನಡೆದಿಲ್ಲ. ಅವನ ವಂಶಸ್ಥರು ಪೊಲೀಸರಿಗೆ ದೂರು ಕೊಟ್ಟರು. ನಾನೂರು ವರ್ಷದ ಹಿಂದಿನವನಿಗಾಗಿ ದೂರೇ ಎಂದು ನಗುವವರಿರಬಹುದು. ಚರಿತ್ರೆಯ ಹೆಸರು ಬಳಸಿ ಹಣ ಮಾಡುವವರು ಆ ಹೆಸರಿಗೆ ಉತ್ತರ ಹೇಳಬೇಕಾಗುತ್ತದೆ ಎಂದೇ ನನ್ನ ನಿಲುವು.

ರಂಗದ ಮೇಲೂ ಹೊಳಪು ಹೆಚ್ಚಿದಾಗ ಇದೇ ಕಷ್ಟ. 1895ರಲ್ಲಿ ಜಪಾನಿಗಳು ಅರಮನೆಗೆ ನುಗ್ಗಿ ಕೊಂದ ರಾಣಿಯ ಕುರಿತ 'ದಿ ಲಾಸ್ಟ್ ಎಂಪ್ರೆಸ್' ಸಂಗೀತ ನಾಟಕ 1995ರ ಕೊನೆಯಲ್ಲಿ ಸೋಲ್‌ನಲ್ಲಿ ಆರಂಭವಾಯಿತು, 1997ರಲ್ಲಿ ನ್ಯೂಯಾರ್ಕಿಗೂ ಹೋಯಿತು. ಒಂದು ಪೀಳಿಗೆ ರಾಣಿಯನ್ನು ಅರಿತದ್ದು ಅದರಿಂದ. ಆದರೆ ರೈತರು ಬಂಡೆದ್ದಾಗ ಅವರನ್ನು ಹತ್ತಿಕ್ಕಲು ಚೀನಾದ ಸೇನೆಯನ್ನು ಕರೆಸಿದ್ದು ಅದೇ ಅರಮನೆ ಎಂಬ ಕಹಿ ಅದರಲ್ಲಿ ತೆಳುವಾಯಿತು. ಅದೇ ತಂಡ 2009ರ ಅಕ್ಟೋಬರ್ 26ರಂದು, ಹಾರ್ಬಿನ್ ನಿಲ್ದಾಣದಲ್ಲಿ ಸ್ವಾತಂತ್ರ್ಯ ಹೋರಾಟಗಾರ ಆನ್ ಜುಂಗ್ ಗುನ್ ಜಪಾನಿ ನಾಯಕನೊಬ್ಬನ ಮೇಲೆ ಗುಂಡು ಹಾರಿಸಿ ನೂರು ವರ್ಷವಾದ ದಿನವೇ, 'ಹೀರೊ' ಪ್ರಯೋಗಿಸಿತು. 2022ರಲ್ಲಿ ಅದು ಸಿನಿಮಾ ಆಯಿತು, ರಂಗದ ಮೇಲೆ ಆನ್ ಆಗಿದ್ದ ಜೊಂಗ್ ಸುಂಗ್ ಹ್ವಾ ತೆರೆಯ ಮೇಲೂ ಅವನೇ ಆದ. ಆನ್ ಸೆರೆಮನೆಯಲ್ಲಿ ಪೂರ್ವ ಏಷ್ಯಾದ ಶಾಂತಿಯ ಬಗ್ಗೆ ಒಂದು ಪ್ರಬಂಧ ಬರೆಯುತ್ತಿದ್ದ, ಮುಗಿಸುವ ಮೊದಲೇ ಗಲ್ಲಿಗೇರಿಸಿದರು. ಗುಂಡಿನ ಸದ್ದಿನಷ್ಟೇ ಜಾಗ ಆ ಅರೆಬರೆ ಪ್ರಬಂಧಕ್ಕೂ ಸಿಗುವ ಪ್ರಯೋಗವೊಂದು ಬರಬೇಕು ಎಂಬುದು ನನ್ನಾಸೆ.

ದೊಡ್ಡ ಹಣವಿಲ್ಲದೆ ಆದ ಕೆಲಸಗಳ ಮುಂದೆ ಇವೆಲ್ಲ ಸಣ್ಣವಾಗಿ ಕಾಣುತ್ತವೆ. ಓ ಮ್ಯೊಲ್ ಅವರ 'ಜಿಸುಲ್' ಜೇಜು ಹತ್ಯಾಕಾಂಡದ ವೇಳೆ ಗುಹೆಯೊಂದರಲ್ಲಿ ಅಡಗಿದ್ದ ಹಳ್ಳಿಗರ ಚಿತ್ರ. ಮಾತು ಜೇಜು ಉಪಭಾಷೆಯದು, ಸೋಲ್‌ನವರಿಗೆ ಕೆಳಗೆ ಸಾಮಾನ್ಯ ಕೊರಿಯನ್ ಅಕ್ಷರ ಬೇಕಾಯಿತು. ಹೊರಗೆ ಸೈನಿಕರು ತಿರುಗುತ್ತಿರುವಾಗ ಒಳಗೆ ಕೂತವರು ಬೇಯಿಸಿದ ಆಲೂಗಡ್ಡೆ ಹಂಚಿಕೊಳ್ಳುತ್ತ, ಬಿಟ್ಟುಬಂದ ಹಂದಿಗೆ ಮೇವು ಹಾಕುವವರಾರು ಎಂದು ಚಿಂತಿಸುತ್ತಾರೆ. 2013ರಲ್ಲಿ ಸಂಡಾನ್ಸ್ ಉತ್ಸವದ ವಿಶ್ವ ಸಿನಿಮಾ ವಿಭಾಗದ ಅತ್ಯುನ್ನತ ಪ್ರಶಸ್ತಿ ಅದಕ್ಕೆ ಬಂತು. ಜಪಾನಿ ಸೇನೆ ಎಳೆದೊಯ್ದ ಹೆಣ್ಣುಮಕ್ಕಳ ಕುರಿತ 2016ರ 'ಗ್ವಿಹ್ಯಾಂಗ್' ತೆರೆಗೆ ಬರಲು ಹದಿನಾಲ್ಕು ವರ್ಷ ಹಿಡಿಯಿತು. ಪಾನ್ಸೊರಿ ಹಾಡುಗಾರಿಕೆಗೆ ಡೋಲು ನುಡಿಸುತ್ತಿದ್ದ ನಿರ್ದೇಶಕ ಜೊ ಜಂಗ್ ರೇ, ಬದುಕುಳಿದ ಅಜ್ಜಿಯರ ಆಶ್ರಯಧಾಮದಲ್ಲಿ ಸೇವೆಗೆ ಹೋದಾಗ ಅವರಲ್ಲೊಬ್ಬರು ಬಿಡಿಸಿದ ಚಿತ್ರವನ್ನು ಕಂಡಿದ್ದರು. ಬೆಂಕಿಯಲ್ಲಿ ಸುಡುತ್ತಿರುವ ಹುಡುಗಿಯರ ಚಿತ್ರ. ಬಂಡವಾಳ ಹಾಕುವವರು ಸಿಗದಾಗ ಎಪ್ಪತ್ತೈದು ಸಾವಿರದಷ್ಟು ಸಾಮಾನ್ಯ ಜನ ಚೂರುಪಾರು ಹಣ ಹಾಕಿದರು, ಚಿತ್ರದ ಕೊನೆಯಲ್ಲಿ ಅವರ ಹೆಸರುಗಳು ಸಾಲುಸಾಲಾಗಿ ಹಾದುಹೋಗುತ್ತವೆ. ಹಣ ಕೊಟ್ಟವರು ನೋಡಿದರು, ಇತರರನ್ನೂ ಕರೆತಂದರು, ಮೂವತ್ತೈದು ಲಕ್ಷ ದಾಟಿತು.

ಈಗಿನ ಚಿಂತೆ ಬೇರೆ. ಅಧ್ಯಕ್ಷೆಯಾಗಿದ್ದ ಪಾರ್ಕ್ ಗುನ್ ಹೇ ಅವರ ಅಧಿಕಾರಾವಧಿಯಲ್ಲಿ ಸಾವಿರಾರು ಕಲಾವಿದರ ಕಪ್ಪುಪಟ್ಟಿ ಮಾಡಿ ಸರ್ಕಾರಿ ನೆರವು ತಪ್ಪಿಸಿದ್ದು ಸಾಬೀತಾಗಿದೆ. ಅವರ ತಂದೆ ಪಾರ್ಕ್ ಚುಂಗ್ ಹೀಯನ್ನು ನಾಟಕದಲ್ಲಿ ಅಣಕಿಸಿದ ನಿರ್ದೇಶಕರೂ ಅದರಲ್ಲಿ ಸಿಕ್ಕಿಬಿದ್ದರು. ಆ ಕಾಲ ಮುಗಿಯಿತು, ಆದರೆ ಜಾಗಗಳು ಕಡಿಮೆಯಾಗುತ್ತಿವೆ. ಸೋಲ್‌ನ ನಮ್ಸಾನ್ ಕಲಾಕೇಂದ್ರ 2020ರಲ್ಲಿ ಮುಚ್ಚಿತು. ಹಾಡುಗಾರ ಕಿಮ್ ಮಿನ್ ಗಿ ಮೂರು ದಶಕ ನಡೆಸಿದ ಹಾಕ್‌ಚೊನ್ ರಂಗಮಂದಿರ 2024ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು, ಜುಲೈನಲ್ಲಿ ಅವರೂ ತೀರಿಕೊಂಡರು. ಸಿನಿಮಾ ಕೋಟಿ ದಾಟಿದ ಸುದ್ದಿಯ ನಡುವೆ ನೂರು ಆಸನದ ರಂಗಮಂದಿರ ಮುಚ್ಚುವುದು ಸಣ್ಣ ಸುದ್ದಿ. ಆದರೆ ಇಪ್ಪತ್ತು ವರ್ಷದ ನಂತರ ತೆರೆಗೆ ಬರಬೇಕಾದ ಕಥೆಗಳನ್ನು ಇಂದು ಕೇಳಿಸಿಕೊಳ್ಳುವ ಜಾಗ ಅದೇ. ಸರ್ಕಾರ ಹಣ ಕೊಡುವುದಿದ್ದರೆ ಮೊದಲು ಅಲ್ಲಿ ಕೊಡಬೇಕು, ಕೊಟ್ಟ ಮೇಲೆ ಏನಾಡುತ್ತೀರಿ ಎಂದು ಕೇಳಬಾರದು.

ಇನ್ನೂ ಆಡದ ಕಥೆಗಳಲ್ಲಿ ಒಂದರಲ್ಲಿ ನಮಗೂ ಪಾಲಿದೆ. ಕೊರಿಯಾ ಯುದ್ಧದ ಗೋಜೆ ದ್ವೀಪದ ಕೈದಿ ಶಿಬಿರ ಈಗಾಗಲೇ ರಂಗಕ್ಕೆ ಬಂದಿದೆ. ಮುಖವಾಡ ತೊಟ್ಟು ಕುಣಿಯುತ್ತಿದ್ದ ಅಲ್ಲಿನ ಕೈದಿಗಳನ್ನು ವೆರ್ನರ್ ಬಿಶಾಫ್ ತೆಗೆದ ಫೋಟೊದಿಂದ 2015ರಲ್ಲಿ 'ರೊ ಗಿ ಸು' ಸಂಗೀತ ನಾಟಕ ಹುಟ್ಟಿತು, ಅದರಿಂದ 2018ರಲ್ಲಿ 'ಸ್ವಿಂಗ್ ಕಿಡ್ಸ್' ಚಿತ್ರ ಬಂತು. ಅದರ ಮುಂದಿನ ಅಧ್ಯಾಯ ಭಾರತೀಯರದು. 1953ರ ಕದನವಿರಾಮದ ನಂತರ ತಾಯ್ನಾಡಿಗೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನ ಕೆ. ಎಸ್. ತಿಮ್ಮಯ್ಯ. ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರಿಗೆ ದಕ್ಷಿಣದ ನೆಲ ಮೆಟ್ಟಲು ಬಿಡದ ಕಾರಣ ಅವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ನೇರವಾಗಿ ಗಡಿಪಟ್ಟಿಗೆ ಇಳಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಶಿಬಿರದ ಹೆಸರು ಹಿಂದ್ ನಗರ. ಕೈದಿಗಳಲ್ಲಿ 88 ಮಂದಿ ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾವೂ ಬೇಡ ಎಂದು 1954ರ ಫೆಬ್ರವರಿಯಲ್ಲಿ ಭಾರತೀಯ ಪಡೆಯೊಂದಿಗೆ ಹಡಗು ಹತ್ತಿ ಇಲ್ಲಿಗೆ ಬಂದರು. ಚೊಯ್ ಇನ್ ಹುನ್ 1960ರಲ್ಲಿ ಬರೆದ 'ಚೌಕ' ಕಾದಂಬರಿಯ ನಾಯಕ ಅಂಥ ಕೈದಿಯೇ, ಭಾರತದತ್ತ ಸಾಗುವ ಹಡಗಿನಿಂದ ಕಣ್ಮರೆಯಾಗುತ್ತಾನೆ. ಪಾರ್ಕ್ ಚಾನ್ ವುಕ್ ಅವರ 2000ದ 'ಜಾಯಿಂಟ್ ಸೆಕ್ಯುರಿಟಿ ಏರಿಯಾ' ಚಿತ್ರದ ತನಿಖಾಧಿಕಾರಿಯ ತಂದೆಯೂ ತಟಸ್ಥ ದೇಶ ಆರಿಸಿಕೊಂಡ ಕೈದಿ. ಹಿಂದ್ ನಗರದ ಆ ತಿಂಗಳುಗಳು, ಒಂದು ಗುಡಾರದೊಳಗೆ ಎದುರುಬದುರು ಕೂತ ಕೊರಿಯನ್ ಹುಡುಗನೂ ಭಾರತೀಯ ಅಧಿಕಾರಿಯೂ, ನಾಲ್ಕು ಕುರ್ಚಿಯ ನಾಟಕಕ್ಕೆ ಸಾಕಾಗುವ ವಸ್ತು. ತಿಮ್ಮಯ್ಯನವರು ಆ ದಿನಗಳ ಕುರಿತು ಬರೆದ ಪುಸ್ತಕ ಅಚ್ಚಾಗಿದೆ, ಮಡಿಕೇರಿಯಲ್ಲಿ ಅವರ ಮನೆ ಈಗ ಮ್ಯೂಸಿಯಂ. ಸೋಲ್‌ನ ತಂಡವೊಂದು ಇದನ್ನು ಕೈಗೆತ್ತಿಕೊಳ್ಳುವ ಮೊದಲು ನಮ್ಮ ಮೈಸೂರು, ಧಾರವಾಡದ ಹವ್ಯಾಸಿಗಳು ತಾಲೀಮು ಶುರುಮಾಡಲಿ.